ಎಸಿ ಕೊಳ್ಳುವ ಮುನ್ನ: ಹಳೆಯ ಕಟ್ಟಡಗಳಲ್ಲಿ ವಸ್ತುಸಂಗ್ರಹಾಲಯ

(ಹಳೆಯ ಮನೆ, ಛತ್ರ, ಶಾಲಾ ಕಟ್ಟಡಗಳಲ್ಲಿ ಊರಿನ ವಸ್ತುಗಳನ್ನು ಕಾಪಿಡಲು ಹೊರಟಿರುವವರ ಮುಂದೆ ಚಿಕ್ಕಬಳ್ಳಾಪುರದಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಮನೆಯನ್ನು ವಸ್ತುಸಂಗ್ರಹಾಲಯವಾಗಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟು ಟನ್ನಿನ ಎಸಿ ಹಾಕಿಸಬೇಕು?" ಇಂದು ಸಭೆ ಶುರುವಾಗುವ ಮೊದಲು ಕಾಫಿ ಕುಡಿಯುವಾಗಲೂ ಇಬ್ಬರು ಹಿರಿಯರು ಅದನ್ನೇ ಕೇಳಿದರು. ಅಜ್ಜನ ಕಾಲದ ಕಡತಗಳು, ಚಿತ್ರಪಟಗಳು, ಓಲೆಗರಿ ಕಟ್ಟುಗಳು ಬಿಸಿಲಿನ ಧಗೆಗೆ ಹಾಳಾಗಬಾರದು ಎನ್ನುವ ಕಾಳಜಿ ಆ ಪ್ರಶ್ನೆಯ ಹಿಂದಿದೆ. ಆ ಕಾಳಜಿಗೆ ನನ್ನ ಗೌರವವಿದೆ. ಆದರೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಜಿಲ್ಲೆಯ ದಪ್ಪ ಗೋಡೆಯ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಕೋಣೆಗಳಿಗೆ ಎಸಿ ಬೇಡ. ಬೆಳಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದೂವರೆಗೆ ಆರಿಸುವ ಎಸಿಯಂತೂ ವಸ್ತುಗಳನ್ನು ಕೆಡಿಸುತ್ತದೆ, ಬಿಲ್ಲನ್ನೂ ಏರಿಸುತ್ತದೆ. ಏಕೆ ಎನ್ನುವುದೇ ಇಂದಿನ ಮಾತು.

ಮೊದಲು ಗಾಳಿಯಲ್ಲಿರುವ ನೀರಿನ ಲೆಕ್ಕ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಈ ಮಿತಿ 30 ಗ್ರಾಂಗೆ ಏರುತ್ತದೆ. ಹಿಡಿಯಬಹುದಾದಷ್ಟರಲ್ಲಿ ಶೇಕಡಾ ಎಷ್ಟು ತುಂಬಿದೆ ಎನ್ನುವುದೇ ಸಾಪೇಕ್ಷ ಆರ್ದ್ರತೆ. ಆದ್ದರಿಂದ ಒಂದು ಹನಿ ನೀರನ್ನೂ ಸೇರಿಸದೆ ಗಾಳಿಯನ್ನು ತಣ್ಣಗಾಗಿಸಿದರೆ ಸಾಕು, ಆರ್ದ್ರತೆ ಏರುತ್ತದೆ. ಬೆಚ್ಚಗಾಗಿಸಿದರೆ ಇಳಿಯುತ್ತದೆ.

ಮರ, ಕಾಗದ, ಬಟ್ಟೆ, ಚರ್ಮ, ಓಲೆಗರಿ ಇವೆಲ್ಲ ತಮ್ಮ ಸುತ್ತಲಿನ ಆರ್ದ್ರತೆಗೆ ತಕ್ಕಂತೆ ನೀರನ್ನು ಹೀರುತ್ತವೆ, ಬಿಡುತ್ತವೆ. ಹೀರಿದಾಗ ಹಿಗ್ಗುತ್ತವೆ, ಬಿಟ್ಟಾಗ ಕುಗ್ಗುತ್ತವೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು, ಮೃದಂಗದ ಶ್ರುತಿ ಜಾರುವುದು ಎಲ್ಲರಿಗೂ ಗೊತ್ತು. ನಿಧಾನವಾಗಿ, ಋತುವಿನ ಜೊತೆಗೆ ನಡೆಯುವ ಈ ಹಿಗ್ಗು-ಕುಗ್ಗನ್ನು ನೂರು ವರ್ಷದ ವಸ್ತು ತಡೆದುಕೊಂಡೇ ಬಂದಿದೆ. ದಿನಕ್ಕೊಮ್ಮೆ ನಡೆಯುವ ಜಗ್ಗಾಟವನ್ನು ಅದು ತಡೆಯಲಾರದು.

ತೊಗಲುಗೊಂಬೆಯನ್ನೇ ತೆಗೆದುಕೊಳ್ಳಿ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಯಾರೇ ಜಾನಪದ ಸಂಗ್ರಹ ಮಾಡಲಿ, ಒಂದೆರಡಾದರೂ ಗೊಂಬೆ ಸಿಕ್ಕೇ ಸಿಗುತ್ತವೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಕಟ್ಟಿ, ಒಡವೆಗಳ ಜಾಗದಲ್ಲಿ ಉಳಿಯಿಂದ ಸಾಲುಸಾಲಾಗಿ ತೂತು ಕೊರೆದಿರುತ್ತಾರೆ. ತೋಳು, ಮೊಣಕೈ ಸೇರುವ ಕಡೆ ದಾರದ ಗಂಟು. ಮಾರ್ಚ್ ತಿಂಗಳ ಒಣಗಾಳಿಗೆ ಗೊಂಬೆಯ ಅಂಚು ಒಳಮುಖವಾಗಿ ಸುರುಳುತ್ತದೆ. ದಾರದ ಗಂಟು ಜಾಗ ಬಿಡುವುದಿಲ್ಲ, ಚರ್ಮ ಮಾತ್ರ ಸರಿಯುತ್ತದೆ. ಹಾಗಾಗಿ ಗಂಟಿನ ಪಕ್ಕದಲ್ಲೇ ಕೂದಲೆಳೆಯಷ್ಟು ಸೀಳು ಶುರುವಾಗಿ ಒಂದು ತೂತಿನಿಂದ ಮುಂದಿನ ತೂತಿಗೆ ದಾಟುತ್ತದೆ. ಅದೇ ಗೊಂಬೆ ಸೆಪ್ಟೆಂಬರ್‌ನಲ್ಲಿ ಮೆತ್ತಗಾಗಿ ಜೋಲುತ್ತದೆ, ಬಣ್ಣದ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು ಕೂರುತ್ತದೆ. ಗೊಂಬೆಯಾಟದ ಕುಟುಂಬಗಳು ಇವನ್ನು ಚಪ್ಪಟೆಯಾಗಿ ಒಂದರ ಮೇಲೊಂದು ಜೋಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದವು. ಪೆಟ್ಟಿಗೆಯೊಳಗೆ ಹತ್ತಾರು ಚರ್ಮಗಳು ಸೇರಿ ತಮ್ಮ ಸುತ್ತಲಿನ ಆರ್ದ್ರತೆಯನ್ನು ತಾವೇ ಹದದಲ್ಲಿಡುತ್ತಿದ್ದವು. ನಾವು ಅವನ್ನು ಬಿಡಿಸಿ, ಗಾಜಿನ ಚೌಕಟ್ಟು ಹಾಕಿ, ಹೊರಗೋಡೆಗೆ ಒತ್ತಿ ಮೊಳೆ ಹೊಡೆದು, ಎದುರಿಗೆ ಹ್ಯಾಲೊಜೆನ್ ದೀಪ ಬಿಡುತ್ತೇವೆ.

ನಮ್ಮ ಬಯಲುಸೀಮೆಯ ಹವೆಯ ಸ್ವಭಾವ ನಿಮಗೆ ಗೊತ್ತಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಬೇಸಿಗೆ ರಾಯಚೂರು, ಕಲಬುರಗಿಯ ಬೇಸಿಗೆಯಷ್ಟು ಸುಡುವುದಿಲ್ಲ. ಆದರೆ ಮಾರ್ಚ್ ಮಧ್ಯಾಹ್ನ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುವ ದಿನಗಳಿವೆ, ಮಳೆಗಾಲದ ಬೆಳಗಿನ ಜಾವ ಶೇ 90ರ ಹತ್ತಿರ ಹೋಗುವ ದಿನಗಳೂ ಇವೆ. ವಸ್ತುಗಳ ಮಟ್ಟಿಗೆ ಹೇಳುವುದಾದರೆ ನಮಗೆ ದೊಡ್ಡ ಶತ್ರು ಸೆಕೆಗಿಂತ ಈ ಏರಿಳಿತ.

ಈಗ ಎಸಿಗೆ ಬರೋಣ. ಒಂದು ಹಳೆಯ ಬಂಗಲೆಯ ಸಂಗ್ರಹ. ಹೆಸರು ಹೇಳುವುದಿಲ್ಲ. ಕಿಟಕಿಗಳನ್ನೆಲ್ಲ ಪ್ಲೈವುಡ್‌ನಿಂದ ಮುಚ್ಚಿ ಎಸಿ ಹಾಕಿದ್ದರು. ಹಗಲೆಲ್ಲ 20 ಡಿಗ್ರಿ. ಬಾಗಿಲು ಮುಚ್ಚುವ ಹೊತ್ತಿಗೆ ಎಲ್ಲವೂ ಬಂದ್. ಆಗಸ್ಟ್ ತಿಂಗಳಲ್ಲಿ ನನ್ನನ್ನು ಕರೆದರು, ಚಿತ್ರಪಟಗಳ ಹಿಂಬದಿಯಲ್ಲಿ ಬೂಷ್ಟು ಬಂದಿದೆ, ಕಾರಣ ತಿಳಿಯುತ್ತಿಲ್ಲ ಎಂದು. ಕಾರಣ ಲೆಕ್ಕದಲ್ಲೇ ಇದೆ. ಆಗಸ್ಟ್‌ನಲ್ಲಿ ಹೊರಗಿನ ಗಾಳಿ 25 ಡಿಗ್ರಿ, ಆರ್ದ್ರತೆ ಶೇ 80 ಎಂದುಕೊಳ್ಳಿ. ಅಂಥ ಗಾಳಿಯಲ್ಲಿ ಘನ ಮೀಟರಿಗೆ 18 ಗ್ರಾಂಗಿಂತ ಸ್ವಲ್ಪ ಹೆಚ್ಚು ನೀರಿರುತ್ತದೆ. ಎಸಿ ಆರಿಸಿದ ಮೇಲೆ ಬಾಗಿಲ ಸಂದಿಗಳಿಂದ ಈ ಗಾಳಿ ಒಳಗೆ ಬರುತ್ತದೆ. ದಿನವಿಡೀ ತಣ್ಣಗಾಗಿದ್ದ ಗೋಡೆ, ಗಾಜು, ಚೌಕಟ್ಟು ಇನ್ನೂ 20 ಡಿಗ್ರಿಯಲ್ಲೇ ಇವೆ. 20 ಡಿಗ್ರಿಯ ಗಾಳಿ ಹಿಡಿಯಬಲ್ಲದ್ದು 17 ಗ್ರಾಂ. ಮಿಕ್ಕದ್ದು ಗೋಡೆಗೆ ತಾಗಿದಲ್ಲೆಲ್ಲ ಪಸೆಯಾಗಿ ಕೂರುತ್ತದೆ. ಚಿತ್ರಪಟದ ಬೆನ್ನಿಗೂ ಗೋಡೆಗೂ ನಡುವೆ ಗಾಳಿಯಾಡುವುದಿಲ್ಲ. ಆರ್ದ್ರತೆ ಶೇ 75 ದಾಟಿ ಹಲವು ದಿನ ಅಲ್ಲೇ ನಿಂತರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ಹಗಲಿನಲ್ಲೂ ತೊಂದರೆ ತಪ್ಪಿದ್ದಲ್ಲ. ಕೋಣೆ ತಣ್ಣಗಾದೊಡನೆ ಯಂತ್ರದ ಕಂಪ್ರೆಸರ್ ನಿಲ್ಲುತ್ತದೆ, ಆದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ಯಂತ್ರದೊಳಗಿನ ತಣ್ಣನೆಯ ಕೊಳವೆಸುರುಳಿಯ (ಕಾಯಿಲ್) ಮೇಲೆ ಕೂತಿದ್ದ ನೀರು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ.

ಹಾಗಾದರೆ ವಸ್ತುಸಂಗ್ರಹಾಲಯವೆಂದರೆ 20 ಡಿಗ್ರಿ ಉಷ್ಣತೆ, ಶೇ 50 ಆರ್ದ್ರತೆ ಇರಲೇಬೇಕು ಎನ್ನುವ ಲೆಕ್ಕ ಎಲ್ಲಿಂದ ಬಂತು? ಎರಡನೇ ಮಹಾಯುದ್ಧದ ಸಮಯದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು 1941ರಲ್ಲಿ ವೇಲ್ಸ್‌ನ ಮ್ಯಾನಡ್ ಎಂಬಲ್ಲಿ ಸ್ಲೇಟ್ ಗಣಿಯೊಳಗೆ ಸಾಗಿಸಿದರು. ಗಣಿಯೊಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ಹದವಾಗಿ ಬಿಸಿ ಕೊಟ್ಟು, ಉಷ್ಣತೆ ಮತ್ತು ಆರ್ದ್ರತೆ ಅಲುಗದಂತೆ ನೋಡಿಕೊಂಡರು. ಮರದ ಹಲಗೆಯ ಮೇಲೆ ಬರೆದ ಚಿತ್ರಗಳಲ್ಲಿ ಬಣ್ಣ ಹೊಪ್ಪಳೆ ಏಳುವುದು ಅಲ್ಲಿ ಬಹುಮಟ್ಟಿಗೆ ನಿಂತಿತು. ಯುದ್ಧ ಮುಗಿದು ಚಿತ್ರಗಳು ಲಂಡನ್ನಿಗೆ ಮರಳಿದ ಮೇಲೆ ತೊಂದರೆ ಮತ್ತೆ ಶುರುವಾಯಿತು. ಅಲ್ಲಿಂದ ಮುಂದೆ ಯಂತ್ರದಿಂದ ಹವೆಯನ್ನು ಹಿಡಿದಿಡುವ ಆಸೆ ಬೆಳೆಯಿತು. ಚಳಿಗಾಲದಲ್ಲಿ ಕಟ್ಟಡವನ್ನು ಬಿಸಿ ಮಾಡಲೇಬೇಕಾದ ನಾಡಿನಲ್ಲಿ ಆರಿಸಿಕೊಂಡ ಅಂಕಿ ಕ್ರಮೇಣ ಜಗತ್ತಿಗೆಲ್ಲ ನಿಯಮವಾಯಿತು.

ಮ್ಯಾನಡ್ ಗಣಿ ಕಲಿಸಿದ್ದು ಸ್ಥಿರತೆಯ ಪಾಠ. ಜಗತ್ತು ನೆನಪಿಟ್ಟುಕೊಂಡದ್ದು ಅಂಕಿಯನ್ನು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಆ ನಿಯಮ ಈಗ ಸಡಿಲವಾಗಿದೆ. ದೊಡ್ಡ ವಸ್ತುಸಂಗ್ರಹಾಲಯಗಳ ನಿರ್ದೇಶಕರ ಬಿಝೋ ಗುಂಪು ಸಾಮಾನ್ಯ ವಸ್ತುಗಳಿಗೆ 16ರಿಂದ 25 ಡಿಗ್ರಿ, ಶೇ 40ರಿಂದ 60 ಆರ್ದ್ರತೆ, 24 ಗಂಟೆಯಲ್ಲಿ ಶೇ 10ರ ಒಳಗಿನ ಏರಿಳಿತ ಸಾಕು ಎಂದು ಒಪ್ಪಿಕೊಂಡಿದೆ. ಸಂರಕ್ಷಕರ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಜಂಟಿಯಾಗಿ ಹೊರಡಿಸಿದ ಘೋಷಣೆ ಇನ್ನೂ ಮುಂದೆ ಹೋಗಿ, ಕಾಯಂ ಪ್ರದರ್ಶನ ಮತ್ತು ದಾಸ್ತಾನಿನ ಮಾನದಂಡಗಳು ಆಯಾ ಊರಿನ ಹವೆಯಲ್ಲಿ ಸಾಧ್ಯವಾಗುವಂತಿರಬೇಕು ಎಂದಿತು. ಯುರೋಪಿನ 2010ರ ಮಾನದಂಡವೊಂದು ನಮಗೆ ತುಂಬ ಉಪಯುಕ್ತ. ಅದರ ತಿರುಳು ಇಷ್ಟು: ವಸ್ತು ಎಷ್ಟೋ ಕಾಲದಿಂದ ಒಂದು ಹವೆಗೆ ಒಗ್ಗಿಕೊಂಡು ಚೆನ್ನಾಗಿದ್ದರೆ, ಆ ಹವೆಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಅಳೆಯಿರಿ, ಮೂವತ್ತು ದಿನಗಳ ಸರಾಸರಿ ತೆಗೆಯುತ್ತ ಹೋಗಿ, ಆ ಸರಾಸರಿಯಿಂದ ವಿಪರೀತವಾಗಿ ಜಿಗಿಯುವ ಏರಿಳಿತಗಳನ್ನು ಮಾತ್ರ ಕತ್ತರಿಸಿ. ಋತುವಿನ ಜೊತೆ ನಿಧಾನವಾಗಿ ಸಾಗುವುದನ್ನು ಹಾಗೆಯೇ ಬಿಡಿ.

ಜಿಗಿತವನ್ನು ಕತ್ತರಿಸುವ ಕೆಲಸವನ್ನು ನಿಮ್ಮ ಹಳೆಯ ಕಟ್ಟಡ ಆಗಲೇ ಮಾಡುತ್ತಿದೆ. ಎರಡಡಿ ದಪ್ಪದ ಮಣ್ಣಿನ ಅಥವಾ ಕಲ್ಲಿನ ಗೋಡೆ, ಒಳಗೆ ಸುಣ್ಣದ ಗಾರೆ. ಹಗಲಿನ ಬಿಸಿ ಗೋಡೆಯನ್ನು ದಾಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಮಣ್ಣು, ಸುಣ್ಣ ಎರಡೂ ಕೋಣೆಯ ತೇವವನ್ನು ಹೀರಿಟ್ಟುಕೊಂಡು ಗಾಳಿ ಒಣಗಿದಾಗ ಬಿಟ್ಟುಕೊಡುತ್ತವೆ. ಎತ್ತರದ ಮಾಡು, ಮೇಲೆ ಗವಾಕ್ಷಿ, ಮುಂದೆ ಪಡಸಾಲೆಯ ನೆರಳು. ದುರಸ್ತಿಯ ಹೆಸರಿನಲ್ಲಿ ನಾವು ಮೊದಲು ಕೈ ಹಾಕುವುದು ಇವುಗಳಿಗೇ. ಗಾರೆ ಕಿತ್ತು ಸಿಮೆಂಟ್ ಬಳಿಯುತ್ತೇವೆ, ಮೇಲೆ ಪ್ಲಾಸ್ಟಿಕ್ ಎಮಲ್ಷನ್. ಅಡಿಪಾಯದಿಂದ ಏರುವ ನೀರು ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ತಡೆದಾಗ ಇನ್ನೂ ಮೇಲಕ್ಕೇರಿ ಒಳಗೋಡೆಯಲ್ಲಿ ಉಪ್ಪನ್ನು ಉಳಿಸಿ ಬಣ್ಣವನ್ನು ಸಿಪ್ಪೆ ಎಬ್ಬಿಸುತ್ತದೆ. ಅಂಥ ಗೋಡೆಯ ಕೋಣೆಯಲ್ಲಿ ಎಷ್ಟು ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಟ್ಟರೂ ಅದು ನೆಲದ ನೀರನ್ನು ವಿದ್ಯುತ್ ಸುರಿದು ಮೊಗೆಯುತ್ತಿರುತ್ತದೆ, ಅಷ್ಟೇ.

ಆದ್ದರಿಂದ ನಾನು ಯಾವುದೇ ಕಟ್ಟಡಕ್ಕೆ ಹೋದರೂ ಮೊದಲು ಹೊರಗಡೆ ಒಂದು ಸುತ್ತು ಹಾಕುತ್ತೇನೆ. ಪೇಟೆಬೀದಿಯ ಹಳೆಯ ಮನೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ರಸ್ತೆಗೆ ಟಾರಿನ ಮೇಲೆ ಟಾರು ಬಿದ್ದು, ಮೂರು ಮೆಟ್ಟಿಲಿದ್ದ ಜಗಲಿಗೆ ಈಗ ಒಂದೇ ಮೆಟ್ಟಿಲು ಉಳಿದಿದೆ. ಮಳೆನೀರು ಗೋಡೆಯ ಬುಡಕ್ಕೇ ನಿಲ್ಲುತ್ತದೆ. ಪಕ್ಕದಲ್ಲಿ ಯಾರೋ ಪ್ರೀತಿಯಿಂದ ಹೂಗಿಡಗಳನ್ನು ಗೋಡೆಗೆ ಒತ್ತಿ ನೆಟ್ಟು ದಿನವೂ ನೀರು ಹಾಕುತ್ತಿದ್ದಾರೆ. ಮೇಲೆ ಮದ್ರಾಸ್ ತಾರಸಿಯ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮಟ್ಟಸ ಮಾಡಿನ, ನೀರುದಾರಿಯಲ್ಲಿ ಅರಳಿಗಿಡ ಬೇರು ಬಿಟ್ಟಿದೆ, ಕೆಳಗೆ ಜಂತೆಯ ತುದಿ ಕಪ್ಪಾಗಿದೆ. ಇವನ್ನು ಸರಿಪಡಿಸದೆ ಒಳಗಿನ ಹವೆಯ ಬಗ್ಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಬುಡದ ಮಣ್ಣು ತೆಗೆದು ಚರಂಡಿ ಮಾಡಿ, ಸಿಮೆಂಟ್ ಗಿಲಾವನ್ನು ಬಿಚ್ಚಿ ಸುಣ್ಣಕ್ಕೆ ಮರಳಿ, ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ಬಿಳಿ ಮೇಲ್ಮೈ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎಸೆಯುತ್ತದೆ.

ಮಳೆಗಾಲಕ್ಕೆ ಮಾತ್ರ ಸ್ವಲ್ಪ ಬೇರೆ ಯೋಚನೆ ಬೇಕು. "ಮಧ್ಯಾಹ್ನ ಬಿಸಿಲು ಬಂದಾಗ ಕಿಟಕಿ ತೆರೆದರೆ ತೇವ ಹೋಗುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಬೆಳಗ್ಗೆ 21 ಡಿಗ್ರಿ, ಶೇ 92 ಆರ್ದ್ರತೆ ಇದ್ದರೆ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿದೆ. ಮಧ್ಯಾಹ್ನ 27 ಡಿಗ್ರಿ, ಶೇ 65 ಇದ್ದರೆ ಆಗಲೂ ಸುಮಾರು 17 ಗ್ರಾಂ! ಗಾಳಿ ಒಣಗಿಲ್ಲ, ಬೆಚ್ಚಗಾಗಿದೆ ಅಷ್ಟೇ. ಅದೇ ಗಾಳಿ 23 ಡಿಗ್ರಿಯ ನೆಲಮಹಡಿಯ ಕೋಣೆಗೆ ಬಂದರೆ ಆರ್ದ್ರತೆ ಶೇ 80 ದಾಟುತ್ತದೆ. ತಾರಸಿಯ ಕೆಳಗಿನ 27 ಡಿಗ್ರಿಯ ಮೇಲುಪ್ಪರಿಗೆಯಲ್ಲಿ ಶೇ 65ರಲ್ಲಿ ನಿಲ್ಲುತ್ತದೆ. ಬಹಳ ಕಡೆ ಕಡತ, ಬಟ್ಟೆ, ಚರ್ಮಗಳನ್ನು "ತಂಪಾಗಿರಲಿ" ಎಂದು ನೆಲಮಹಡಿಯ ಕತ್ತಲಕೋಣೆಯಲ್ಲಿ ಇಡುತ್ತಾರೆ, ಮೇಲುಪ್ಪರಿಗೆಯಲ್ಲಿ ಕಂಚಿನ ಪಾತ್ರೆಗಳನ್ನೂ ಒನಕೆ, ಬೀಸುಕಲ್ಲನ್ನೂ ಇಡುತ್ತಾರೆ. ಮಳೆಗಾಲದ ಮಟ್ಟಿಗಾದರೂ ಇದನ್ನು ತಿರುವು ಮುರುವು ಮಾಡಬೇಕು. ಕಲ್ಲು ಕೆಳಗಿರಲಿ, ಕಾಗದ ಮೇಲಿರಲಿ. ಬಿಸಿಯಲ್ಲಿ ಕಾಗದ ಬೇಗ ಮುಪ್ಪಾಗುತ್ತದೆ, ನಿಜ. ಉಷ್ಣತೆ 5 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎನ್ನುವುದು ಸಂರಕ್ಷಕರು ಬಳಸುವ ಅಂದಾಜು. ಆದರೆ ಆ ಮುಪ್ಪು ದಶಕಗಳ ಲೆಕ್ಕ, ಬೂಷ್ಟು ಎರಡು ವಾರದ ಲೆಕ್ಕ. ಎರಡರಲ್ಲಿ ಮೊದಲು ತಡೆಯಬೇಕಾದದ್ದು ಯಾವುದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಗಾಳಿಯನ್ನು ತುಸು ಬೆಚ್ಚಗಿಟ್ಟು ಆರ್ದ್ರತೆ ಇಳಿಸುವುದು ಹೊಸ ಉಪಾಯವೇನಲ್ಲ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ತನ್ನ ಹಳೆಯ ಬಂಗಲೆಗಳಲ್ಲಿ ಹೀಟರುಗಳನ್ನು ಉಷ್ಣತೆ ನೋಡಿ ನಡೆಸುವುದಿಲ್ಲ, ಆರ್ದ್ರತೆ ನೋಡಿ ನಡೆಸುತ್ತದೆ. ನಮಗೆ ಆ ಕೆಲಸವನ್ನು ತಾರಸಿ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಯಂತ್ರ ಬೇಕೇ ಬೇಕು ಎನ್ನುವಂಥ ವಸ್ತುಗಳು, ಉದಾಹರಣೆಗೆ ಹಳೆಯ ಫೋಟೊ ನೆಗೆಟಿವ್‌ಗಳು ಇದ್ದರೆ, ಒಂದೇ ಒಂದು ಸಣ್ಣ ಕೋಣೆಯನ್ನು ಆರಿಸಿ. ಸಂದಿಗಳನ್ನು ಮುಚ್ಚಿ, ಅಲ್ಲಿಗೆ ಮಾತ್ರ ಯಂತ್ರ ಹಾಕಿ, ಅದನ್ನು ಹಗಲು ರಾತ್ರಿ ನಡೆಸಿ. ಇಡೀ ಮನೆಯನ್ನು ಅರ್ಧ ದಿನ ತಣ್ಣಗಿಡುವ ಖರ್ಚಿನ ಒಂದು ತುಣುಕಿನಲ್ಲಿ ಇದು ಮುಗಿಯುತ್ತದೆ.

ನೋಡಲು ಬರುವವರ ಬಗ್ಗೆ ಒಂದು ಮಾತು. ಇಲ್ಲೇ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯೇ ವಸ್ತುಸಂಗ್ರಹಾಲಯವಾಗಿದೆ. ಅವರ ಜನ್ಮದಿನ, ಎಂಜಿನಿಯರುಗಳ ದಿನ, ಸೆಪ್ಟೆಂಬರ್ 15. ಅಂದರೆ ಜನ ಹೆಚ್ಚು ಬರುವ ದಿನ ಗಾಳಿಯಲ್ಲಿ ನೀರು ಹೆಚ್ಚಿರುವ ತಿಂಗಳಲ್ಲೇ ಬೀಳುತ್ತದೆ. ಮಹನೀಯರ ಮನೆಗಳನ್ನು ನೋಡಿಕೊಳ್ಳುವ ಎಲ್ಲರೂ ಇಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಒಬ್ಬ ಮನುಷ್ಯ ಸುಮ್ಮನೆ ನಿಂತಿದ್ದರೂ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಉಸಿರು, ಬೆವರಿನಲ್ಲಿ ಹೊರಬಿಡುತ್ತಾನೆ. ಐವತ್ತು ಜನರ ಗುಂಪೆಂದರೆ ಗಂಟೆಗೆ ಎರಡೂವರೆ ಲೀಟರ್ ನೀರು, ಜೊತೆಗೆ ನಾಲ್ಕೈದು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಬಿಸಿ. ಗುಂಪನ್ನು ಹದಿನೈದು ಇಪ್ಪತ್ತು ಜನರಂತೆ ಒಡೆದು, ಉಳಿದವರಿಗೆ ಅಂಗಳದಲ್ಲೇ ವಿವರಣೆ ಕೊಡಿ. ಮಾಡಿನ ಕಿಂಡಿಗಳನ್ನು ತೆರೆದಿಡಿ. ನೋಡುಗರ ಸೆಕೆಗೆ ಫ್ಯಾನ್ ಸಾಕು. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಈಗಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್‌ನಲ್ಲಿ ತಿರುಗುತ್ತದೆ. ಕಚೇರಿ ಕೋಣೆಗೆ ಎಸಿ ಬೇಕೇ ಬೇಕಾದರೆ 24 ಡಿಗ್ರಿಯಲ್ಲಿಡಿ. 2020ರ ಜನವರಿಯಿಂದ ಭಾರತದಲ್ಲಿ ಕೋಣೆಯ ಎಸಿಗಳು ಆ ಅಂಕಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ.

ದೀಪದ ವಿಷಯ ಬೇಗ ಮುಗಿಸುತ್ತೇನೆ. ಬಟ್ಟೆ, ಕಾಗದ, ಬಣ್ಣದ ಚರ್ಮಕ್ಕೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕು ಸಾಕು. ಎಲ್‌ಇಡಿ ಬಳಸಿ, ದೀಪವನ್ನು ಗಾಜಿನ ಪೆಟ್ಟಿಗೆಯ ಹೊರಗಿಡಿ, ಯಾರೂ ಇಲ್ಲದಾಗ ಆರಿಸಿ.

ವೈರಿಂಗ್ ವಿಷಯದಲ್ಲಿ ಹಾಗೆ ಆತುರಪಡಲಾರೆ. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲಿನ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟುಹೋಯಿತು. ಒಂದು ಕಾಲದ ಅರಮನೆ ಅದು, ಒಳಗೆ ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹ. ಬೆಂಕಿ ಹುಟ್ಟಿದ್ದು ನೆಲಮಹಡಿಯ ಸಭಾಂಗಣದ ಎಸಿಯೊಂದರಲ್ಲಿ ಎಂದು ತನಿಖೆ ತಿಳಿಸಿತು. ಮಾತಾಡುವವರೇ ಇಲ್ಲದ ಭಾಷೆಗಳ ಧ್ವನಿಮುದ್ರಣಗಳು ಅಲ್ಲಿದ್ದವು. ಅವನ್ನು ಮತ್ತೆ ಮುದ್ರಿಸುವ ಮಾತೇ ಇಲ್ಲ. ನಮ್ಮ ಹಳೆಯ ಮನೆಗಳಲ್ಲಿ ಸಾಗವಾನಿ ತೊಲೆಗಳ ಮೇಲೆ ಅಜ್ಜನ ಕಾಲದ ಮರದ ಪಟ್ಟಿ ವೈರಿಂಗ್ ಇನ್ನೂ ಇದೆ. ಅದಕ್ಕೆ ಎರಡು ಟನ್ನಿನ ಎಸಿಯನ್ನು ಜೋಡಿಸುವುದನ್ನು ಕಣ್ಣಾರೆ ಕಂಡಾಗ ನನಗೆ ನಿದ್ದೆ ಬರುವುದಿಲ್ಲ. ಮೊದಲು ವೈರಿಂಗ್ ಬದಲಿಸಿ. ಸೌರಫಲಕ ಹಾಕುವ ಆಸೆಯಿದ್ದರೆ ಒಳ್ಳೆಯದೇ, ಆದರೆ ಹಳೆಯ ತಾರಸಿಗೆ ಬೋಲ್ಟ್ ಕೊರೆಯಬೇಡಿ, ಹಿತ್ತಲಲ್ಲಿ ನಿಲ್ಲಿಸಿ.

ಇಷ್ಟಕ್ಕೆಲ್ಲ ಅಳತೆ ಬೇಕು. ಉಷ್ಣತೆ, ಆರ್ದ್ರತೆ ತೋರಿಸುವ ಸಣ್ಣ ಡಿಜಿಟಲ್ ಮೀಟರುಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಕೆಲವು ಸುಳ್ಳು ಹೇಳುತ್ತವೆ. ಪರೀಕ್ಷಿಸಲು ಅಡುಗೆ ಉಪ್ಪು ಸಾಕು. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಕೆಲವೇ ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮೀಟರು ಶೇ 75 ತೋರಿಸಬೇಕು. 70 ತೋರಿಸಿದರೆ ಆ ಮೀಟರು ಐದು ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನ ಮೇಲೆ ಚೀಟಿ ಅಂಟಿಸಿ. ಒಂದನ್ನು ಹೊರಗೆ ನೆರಳಲ್ಲಿ, ಒಂದನ್ನು ನೆಲಮಹಡಿಯಲ್ಲಿ, ಒಂದನ್ನು ಮೇಲುಪ್ಪರಿಗೆಯಲ್ಲಿ, ಒಂದನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಪುಸ್ತಕದಲ್ಲಿ ಬರೆಯಿರಿ. ಪಕ್ಕದ ಶಾಲೆಯ ಎಂಟನೇ ತರಗತಿಯ ಮಕ್ಕಳು ಈ ಕೆಲಸವನ್ನು ನಮಗಿಂತ ಶಿಸ್ತಾಗಿ ಮಾಡುತ್ತಾರೆ.

ಇನ್ನು ಪ್ರಶ್ನೆಗಳು.

ದೇವಸ್ಥಾನವೊಂದರ ಅರ್ಚಕರು ಕೇಳಿದರು: "ನಮ್ಮಲ್ಲಿ ಓಲೆಗರಿ ಕಟ್ಟುಗಳಿವೆ ಸ್ವಾಮಿ. ಗಾಜಿನ ಪೆಟ್ಟಿಗೆಯಲ್ಲಿ ಬಿಡಿಸಿ ಇಡೋಣವೇ?" ಒಂದೆರಡು ಗರಿಗಳನ್ನು ಮಾತ್ರ ಪ್ರದರ್ಶನಕ್ಕಿಡಿ, ಅವನ್ನೂ ಆಗಾಗ ಬದಲಿಸಿ. ಉಳಿದವು ಹಲಗೆಗಳ ನಡುವೆ, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲೇ ಇರಲಿ. ಬಟ್ಟೆ, ಹಲಗೆ, ಪೆಟ್ಟಿಗೆ ಎಂಬ ಮೂರು ಪದರಗಳು ಹೊರಗಿನ ಏರಿಳಿತವನ್ನು ಒಳಗೆ ಬಿಡುವುದಿಲ್ಲ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ, ನೆಲದಿಂದ ಮೇಲಕ್ಕೆ ಇಡಿ. ಗರಿಗಳನ್ನು ಬಿಸಿಲಿಗೆ ಹಾಕಬೇಡಿ. ಬಲ್ಲವರಿಗೆ ತೋರಿಸದೆ ಎಣ್ಣೆ ಸವರಬೇಡಿ.

ಶಿಕ್ಷಕಿಯೊಬ್ಬರು ಕೇಳಿದರು: "ಸರ್, ನಮ್ಮ ಹತ್ತಿರ ಇರುವುದು ಇಪ್ಪತ್ತು ಸಾವಿರ ರೂಪಾಯಿ. ಏನು ಮಾಡಲಿ?" ನಾಲ್ಕು ಮೀಟರು, ಒಂದು ನೋಟ್‌ಪುಸ್ತಕ, ಚೌಕಟ್ಟುಗಳ ಹಿಂದೆ ಅರ್ಧ ಇಂಚು ಜಾಗ ಬಿಡಲು ನಾಲ್ಕು ಮೂಲೆಗೆ ಬಿರಡೆಯ ತುಂಡುಗಳು, ಕಿಟಕಿಗಳಿಗೆ ದಪ್ಪ ಖಾದಿ ಪರದೆ. ಉಳಿದ ಹಣವನ್ನೆಲ್ಲ ಒಬ್ಬ ಒಳ್ಳೆಯ ಗಾರೆ ಕೆಲಸದವರಿಗೆ ಕೊಟ್ಟು, ಮೇ ತಿಂಗಳ ಮೊದಲ ಮಳೆಗೆ ಮುಂಚೆ ತಾರಸಿಯ ನೀರುದಾರಿಗಳನ್ನು ಬಿಡಿಸಿಕೊಳ್ಳಿ. ಎಸಿಯ ಮಾತನ್ನು ಮುಂದಿನ ವರ್ಷ, ಆ ನೋಟ್‌ಪುಸ್ತಕವನ್ನು ತೆರೆದಿಟ್ಟುಕೊಂಡು ಆಡೋಣ.